ಎದುರಿಗಿಲ್ಲದ ಓದುಗರಿಗೆ ಬರೆಯುವಾಗ: ಆನ್‌ಲೈನ್ ಚರ್ಚೆಯಲ್ಲಿ ಸ್ಪಷ್ಟವಾಗಿ ಮಾತಾಡುವ ಬಗೆ

ಮುಖಾಮುಖಿ ಮಾತಿನಲ್ಲಿ ನಾವು ಆಡುವ ಪದಗಳ ಜೊತೆಗೆ ಎಷ್ಟೋ ಸಂಗತಿಗಳು ತಾವಾಗಿಯೇ ಕೇಳುಗರನ್ನು ತಲುಪುತ್ತವೆ. ದನಿಯ ಏರಿಳಿತ, ಮುಖಭಾವ, ನಡುವಿನ ವಿರಾಮ ಇವೆಲ್ಲ ಅರ್ಥವನ್ನು ಹೊತ್ತು ಸಾಗುತ್ತವೆ; ಎದುರಿನವರ ಹುಬ್ಬು ಗಂಟಿಕ್ಕಿದ್ದು ಕಂಡರೆ ಅರ್ಧಕ್ಕೇ ನಿಲ್ಲಿಸಿ ಬೇರೆ ರೀತಿಯಲ್ಲಿ ಹೇಳುವ ಅವಕಾಶವೂ ಇರುತ್ತದೆ. ಆನ್‌ಲೈನ್ ಚರ್ಚೆಯಲ್ಲಿ ಇವೆಲ್ಲ ಕಳಚಿಹೋಗಿ ಪದಗಳು ಮಾತ್ರ ಉಳಿಯುತ್ತವೆ. ಆದರೆ ಬರೆಯುವವರಿಗೆ ಈ ನಷ್ಟ ಗೋಚರಿಸುವುದೇ ಇಲ್ಲ. ತಾವು ಬರೆದದ್ದನ್ನು ತಾವೇ ಓದಿಕೊಳ್ಳುವಾಗ ದನಿಯೂ ಹಿನ್ನೆಲೆಯೂ ಉದ್ದೇಶವೂ ಅವರ ಮನಸ್ಸಿನಲ್ಲಿ ಇದ್ದೇ ಇರುತ್ತವೆ, ಹಾಗಾಗಿ ಬರಹದಲ್ಲಿ ಅವು ಇಲ್ಲವೆಂಬುದು ಹೊಳೆಯುವುದಿಲ್ಲ.

ಇದು ಕೇವಲ ಊಹೆಯಲ್ಲ. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಅವರ ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಗಂಭೀರವಾದ ಮತ್ತು ವ್ಯಂಗ್ಯದ ವಾಕ್ಯಗಳನ್ನು ಕೆಲವರು ದನಿಯ ಮೂಲಕ, ಕೆಲವರು ಇಮೇಲ್ ಮೂಲಕ ಇನ್ನೊಬ್ಬರಿಗೆ ಕಳಿಸಿದರು. ಯಾವುದು ವ್ಯಂಗ್ಯ, ಯಾವುದು ಗಂಭೀರ ಎಂದು ಪಡೆದವರು ಗುರುತಿಸಬೇಕಿತ್ತು. ಎರಡೂ ಮಾಧ್ಯಮಗಳಲ್ಲಿ ನೂರಕ್ಕೆ ಸುಮಾರು 78 ಸಲ ತಮ್ಮ ಇಂಗಿತ ಸರಿಯಾಗಿ ತಲುಪುತ್ತದೆ ಎಂದು ಕಳಿಸಿದವರು ನಂಬಿದ್ದರು. ದನಿಯಲ್ಲಿ ಆ ನಂಬಿಕೆ ಹೆಚ್ಚುಕಡಿಮೆ ನಿಜವಾಯಿತು. ಇಮೇಲ್‌ನಲ್ಲಿ ಮಾತ್ರ ಸರಿಯಾಗಿ ಗುರುತಿಸಿದ್ದು ನೂರಕ್ಕೆ 56 ಸಲ. ನಾಣ್ಯ ಚಿಮ್ಮಿ ಹೇಳಿದ್ದರೂ 50 ಸಲ ಸರಿಯಾಗುತ್ತಿತ್ತು ಎಂಬುದನ್ನು ನೆನೆದರೆ ಈ ಅಂತರ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಓದಿದವರಿಗೂ ತಮ್ಮ ಗ್ರಹಿಕೆಯ ಬಗ್ಗೆ ಅಷ್ಟೇ ಅತಿವಿಶ್ವಾಸವಿತ್ತು. ಬರೆದವರು ತಿಳಿಸಿದೆವೆಂದುಕೊಂಡರು, ಓದಿದವರು ತಿಳಿದೆವೆಂದುಕೊಂಡರು. ಆನ್‌ಲೈನ್ ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಈ ಎರಡು ನಂಬಿಕೆಗಳ ನಡುವೆಯೇ ಎಂಬುದು ನನ್ನ ಎಣಿಕೆ.

ಇದಕ್ಕೂ ಮುಂಚೆ, 1990ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಲಿಜಬೆತ್ ನ್ಯೂಟನ್ ಇನ್ನೂ ಸರಳವಾದ ಪ್ರಯೋಗವೊಂದನ್ನು ಮಾಡಿದ್ದರು. ಪರಿಚಿತ ಹಾಡಿನ ತಾಳವನ್ನು ಒಬ್ಬರು ಮೇಜಿನ ಮೇಲೆ ಬೆರಳಿನಿಂದ ಬಡಿಯಬೇಕು, ಇನ್ನೊಬ್ಬರು ಹಾಡು ಯಾವುದೆಂದು ಹೇಳಬೇಕು. ಅರ್ಧದಷ್ಟು ಹಾಡುಗಳನ್ನಾದರೂ ಕೇಳುಗರು ಗುರುತಿಸುತ್ತಾರೆ ಎಂದು ಬಡಿದವರು ಅಂದಾಜಿಸಿದರು. ಗುರುತಿಸಲಾದದ್ದು 120ರಲ್ಲಿ 3. ಬಡಿಯುವವರ ಕಿವಿಯೊಳಗೆ ರಾಗ, ಸಾಹಿತ್ಯ, ವಾದ್ಯ ಎಲ್ಲವೂ ಮೊಳಗುತ್ತಿದ್ದರೆ ಕೇಳುವವರಿಗೆ ಟಕಟಕ ಸದ್ದು ಮಾತ್ರ ಕೇಳಿಸುತ್ತಿತ್ತು. ಚರ್ಚಾವೇದಿಕೆಯಲ್ಲಿ ಬರೆಯುವ ಪ್ರತಿಯೊಬ್ಬರೂ ಈ ಬಡಿಯುವವರ ಜಾಗದಲ್ಲಿರುತ್ತಾರೆ. ಓದುವವರ ಬಳಿ ಏನಿಲ್ಲವೋ ಅದನ್ನು ಬರಹದಲ್ಲಿ ಒದಗಿಸುವುದೇ ಮೂಲ ಕೆಲಸ. ಶೀರ್ಷಿಕೆ, ಪ್ಯಾರಾ, ಉಲ್ಲೇಖ, ಸೌಜನ್ಯ ಇವುಗಳ ಬಗ್ಗೆ ಹೇಳಲಾಗುವ ಸಲಹೆಗಳೆಲ್ಲ ಆ ಒಂದು ಕೆಲಸದ ಬೇರೆ ಬೇರೆ ರೂಪಗಳು.

ಮೊದಲು ಪ್ರಶ್ನೆ ಕೇಳುವ ಬರಹವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಹೆಚ್ಚಿನವರು ಚರ್ಚೆಗೆ ಕಾಲಿಡುವುದು ಒಂದು ಪ್ರಶ್ನೆಯೊಂದಿಗೆ. ಶೀರ್ಷಿಕೆಯಲ್ಲಿ 'ಅರ್ಜೆಂಟ್, ದಯವಿಟ್ಟು ಸಹಾಯ ಮಾಡಿ!!!' ಎಂದಿದೆ. ಒಳಗೆ ತೆರೆದರೆ, 'ನನ್ನ ಪ್ರಿಂಟರ್ ಕೆಲಸ ಮಾಡುತ್ತಿಲ್ಲ. ಎಲ್ಲ ಮಾಡಿ ನೋಡಿದೆ. ಏನು ಮಾಡಲಿ?' ಎಂದಷ್ಟೇ ಇದೆ. ಇದರಲ್ಲಿ ಅಸಭ್ಯವಾದದ್ದೇನೂ ಇಲ್ಲ. ದಯವಿಟ್ಟು ಎಂಬ ಮಾತೂ ಇದೆ. ಆದರೂ ಇದಕ್ಕೆ ಉತ್ತರ ಬರುವುದು ಕಷ್ಟ. ಪ್ರಿಂಟರ್ ಆನ್ ಆಗುತ್ತಿಲ್ಲವೇ, ಹಾಳೆ ಸಿಕ್ಕಿಕೊಳ್ಳುತ್ತಿದೆಯೇ, ಅಕ್ಷರ ಮಸುಕಾಗಿ ಬರುತ್ತಿದೆಯೇ, ಕಂಪ್ಯೂಟರಿಗೆ ಅದು ಕಾಣಿಸುತ್ತಲೇ ಇಲ್ಲವೇ ಎಂಬುದು ಬರೆದವರಿಗೆ ಕಣ್ಣೆದುರಿನ ಸತ್ಯ. ಓದಿದವರಿಗೆ ಅದಾವುದೂ ತಿಳಿಯದು. 'ಎಲ್ಲ' ಎಂಬ ಪದದೊಳಗೆ ಏನೇನು ಅಡಗಿದೆಯೆಂದೂ ಗೊತ್ತಾಗುವುದಿಲ್ಲ. ನೆರವಾಗಬಯಸುವವರು ಉತ್ತರ ಬರೆಯುವ ಮೊದಲು ನಾಲ್ಕು ಪ್ರಶ್ನೆ ಕೇಳಬೇಕು, ಆ ನಾಲ್ಕಕ್ಕೆ ಜವಾಬು ಬರುವವರೆಗೆ ಕಾಯಬೇಕು. ಹತ್ತು ನಿಮಿಷ ಬಿಡುವಿದ್ದಾಗ ಇಣುಕಿದ ಜಾಣರೊಬ್ಬರು ಅಷ್ಟು ಕಾಯದೆ ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ.

ಅದೇ ಪ್ರಶ್ನೆಯ ಇನ್ನೊಂದು ರೂಪವನ್ನು ನೋಡಿ. ಶೀರ್ಷಿಕೆ: 'ಫೋನಿನಿಂದ ಪ್ರಿಂಟ್ ಕೊಟ್ಟರೆ ಖಾಲಿ ಹಾಳೆ ಬರುತ್ತದೆ, ಲ್ಯಾಪ್‌ಟಾಪಿನಿಂದ ಸರಿಯಾಗಿ ಬರುತ್ತದೆ'. ಒಳಗೆ: 'ನಿನ್ನೆಯವರೆಗೆ ಎರಡರಿಂದಲೂ ಪ್ರಿಂಟ್ ಆಗುತ್ತಿತ್ತು. ನಿನ್ನೆ ರಾತ್ರಿ ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಆಯಿತು. ಅಂದಿನಿಂದ ಫೋನಿನಿಂದ ಕಳಿಸಿದ ಪಿಡಿಎಫ್‌ಗಳೆಲ್ಲ ಖಾಲಿ ಹಾಳೆಗಳಾಗಿ ಬರುತ್ತಿವೆ, ಫೋಟೋಗಳು ಮಾತ್ರ ಸರಿಯಾಗಿ ಬರುತ್ತಿವೆ. ಪ್ರಿಂಟರ್ ಮತ್ತು ಫೋನ್ ಎರಡನ್ನೂ ಆಫ್ ಮಾಡಿ ಆನ್ ಮಾಡಿದೆ, ಪ್ರಿಂಟರಿನ ಆ್ಯಪ್ ತೆಗೆದು ಮತ್ತೆ ಹಾಕಿದೆ, ವ್ಯತ್ಯಾಸ ಕಾಣಲಿಲ್ಲ. ಅಪ್‌ಡೇಟಿಗೂ ಇದಕ್ಕೂ ಸಂಬಂಧವಿರಬಹುದೇ, ಮುಂದೆ ಏನನ್ನು ಪರೀಕ್ಷಿಸಬೇಕು?' ಇದರ ಕೆಳಗೆ ಪ್ರಿಂಟರ್ ಮತ್ತು ಫೋನಿನ ಮಾಡೆಲ್ ಹೆಸರುಗಳಿವೆ. ಇಷ್ಟರಿಂದಲೇ ಶಾಯಿ, ಹಾಳೆ, ವೈಫೈ ಈ ಮೂರರದ್ದೂ ತಪ್ಪಿಲ್ಲವೆಂದು ತಿಳಿದವರಿಗೆ ಅರ್ಥವಾಗುತ್ತದೆ, ಏಕೆಂದರೆ ಲ್ಯಾಪ್‌ಟಾಪಿನಿಂದ ಪ್ರಿಂಟ್ ಆಗುತ್ತಿದೆ, ಫೋನಿನಿಂದಲೂ ಫೋಟೋ ಬರುತ್ತಿದೆ. ಸಮಸ್ಯೆ ಫೋನಿನಲ್ಲಿ ಪಿಡಿಎಫ್ ಅನ್ನು ಸಿದ್ಧಪಡಿಸುವ ಹಂತದಲ್ಲಿದೆಯೆಂಬ ಸಂಶಯಕ್ಕೆ ಕೂಡಲೇ ಬರಬಹುದು. ಎರಡನೆಯ ಬರಹ ಉದ್ದವಾಗಿದೆ ನಿಜ, ಆದರೆ ಓದುವವರಿಗೆ ಕೆಲಸ ಕಡಿಮೆ.

ಇಲ್ಲಿ ಗಮನಿಸಬೇಕಾದದ್ದು, ಯಾವುದು ಕೆಟ್ಟಿದೆ ಎಂಬುದರಷ್ಟೇ ಯಾವುದು ಸರಿಯಿದೆ ಎಂಬುದೂ ಉಪಯುಕ್ತ ಮಾಹಿತಿ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಏನಾಗಬೇಕೆಂದು ನಿರೀಕ್ಷಿಸಿದ್ದಿರಿ, ಅದರ ಬದಲು ಏನಾಯಿತು, ಯಾವಾಗಿನಿಂದ, ಅದಕ್ಕೂ ಮುಂಚೆ ಏನು ಬದಲಾಗಿತ್ತು ಎಂಬಿಷ್ಟು ಹೇಳಿದರೆ, ವಿಷಯ ತಂತ್ರಜ್ಞಾನವಾಗಲಿ ತೋಟಗಾರಿಕೆಯಾಗಲಿ ವ್ಯಾಕರಣವಾಗಲಿ, ಪ್ರಶ್ನೆಗೆ ಒಂದು ಆಕಾರ ಬರುತ್ತದೆ.

ಶೀರ್ಷಿಕೆಗೆ ಇಷ್ಟು ಮಹತ್ವ ಏಕೆಂದರೆ, ತೆರೆಯ ಮೇಲೆ ಜನ ಓದುವುದಕ್ಕಿಂತ ಹೆಚ್ಚಾಗಿ ಕಣ್ಣಾಡಿಸುತ್ತಾರೆ. ಜನ ವೆಬ್ ಪುಟಗಳನ್ನು ಬಳಸುವ ಬಗೆಯನ್ನು ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ 1997ರಲ್ಲಿ ಬರೆದ ಪ್ರಕಾರ, ಅವರ ಪರೀಕ್ಷೆಗೆ ಒಳಗಾದವರಲ್ಲಿ ನೂರಕ್ಕೆ 79 ಮಂದಿ ಹೊಸ ಪುಟವನ್ನು ಕಂಡಾಗ ಮೇಲುಮೇಲೆ ಕಣ್ಣು ಹಾಯಿಸಿದರು. ಪದಪದವಾಗಿ ಓದಿದವರು 16 ಮಂದಿ. ಮುಂದೆ 2006ರಲ್ಲಿ ಕಣ್ಣಿನ ಚಲನೆಯನ್ನು ದಾಖಲಿಸಿದಾಗ, ಮೊದಲ ಸಾಲುಗಳನ್ನು ಅಗಲಕ್ಕೆ ಓದಿ, ಕೆಳಗಿಳಿದಂತೆ ಎಡ ಅಂಚಿಗಷ್ಟೇ ಅಂಟಿಕೊಳ್ಳುವ ಅಭ್ಯಾಸ ಕಂಡುಬಂತು. ಹಾಗಾಗಿ ಮುಖ್ಯ ಮಾತು ಮೊದಲ ಎರಡು ಸಾಲುಗಳಲ್ಲೇ ಬರಬೇಕು, ಪ್ರತಿ ಪ್ಯಾರಾದ ಮೊದಲ ಕೆಲವು ಪದಗಳಲ್ಲೇ ಆ ಪ್ಯಾರಾದ ಸುಳಿವಿರಬೇಕು. 'ನಾನು ಇಲ್ಲಿಗೆ ಹೊಸಬ, ತಪ್ಪಿದ್ದರೆ ಕ್ಷಮಿಸಿ, ಬಹಳ ದಿನಗಳಿಂದ ಕೇಳಬೇಕೆಂದುಕೊಂಡಿದ್ದೆ' ಎಂಬ ಪೀಠಿಕೆ ವಿನಯದ್ದೇ ಆದರೂ ಅದು ಅತ್ಯಂತ ಬೆಲೆಬಾಳುವ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ. ಕೊನೆಯಲ್ಲಿ ಒಂದು ಧನ್ಯವಾದ ಹೇಳಿದರೆ ವಿನಯಕ್ಕೆ ಕೊರತೆಯಾಗುವುದಿಲ್ಲ.

ಪ್ರಶ್ನೆ ಕೇಳುವವರು ಸಿಕ್ಕಿಬೀಳುವ ಇನ್ನೊಂದು ಬಲೆಗೆ ಆನ್‌ಲೈನ್ ವಲಯದಲ್ಲಿ ಎಕ್ಸ್‌-ವೈ ಸಮಸ್ಯೆ ಎಂಬ ಹೆಸರಿದೆ. ಒಬ್ಬರಿಗೆ ಎಕ್ಸ್ ಬೇಕಾಗಿದೆ. ವೈ ಮಾಡಿದರೆ ಎಕ್ಸ್ ಸಿಗುತ್ತದೆ ಎಂದು ಅವರು ಊಹಿಸಿಕೊಂಡಿದ್ದಾರೆ. ವೈ ಮಾಡುವುದು ಗೊತ್ತಿಲ್ಲದ್ದರಿಂದ ವೈ ಬಗ್ಗೆ ಮಾತ್ರ ಕೇಳುತ್ತಾರೆ. ಫೈಲಿನ ಹೆಸರಿನ ಕೊನೆಯ ಮೂರು ಅಕ್ಷರಗಳನ್ನು ಪಡೆಯುವುದು ಹೇಗೆಂಬ ಪ್ರಶ್ನೆ ಇದಕ್ಕೆ ಹಳೆಯ ಉದಾಹರಣೆ. ಅವರಿಗೆ ನಿಜವಾಗಿ ಬೇಕಾದದ್ದು ಆ ಫೈಲ್ ಯಾವ ಬಗೆಯದು ಎಂಬ ಮಾಹಿತಿ. ಬಗೆಯನ್ನು ಸೂಚಿಸುವ ಭಾಗ ಯಾವಾಗಲೂ ಮೂರೇ ಅಕ್ಷರದ್ದಾಗಿರುವುದಿಲ್ಲವಾದ್ದರಿಂದ, ಕೇಳಿದ ಪ್ರಶ್ನೆಗೆ ನೂರಕ್ಕೆ ನೂರು ಸರಿಯಾದ ಉತ್ತರ ಸಿಕ್ಕರೂ ಅವರ ಕೆಲಸ ಕೆಡುತ್ತದೆ. 'ನನ್ನ ಉದ್ದೇಶ ಇದು, ಅದಕ್ಕಾಗಿ ಈ ದಾರಿ ಹಿಡಿದಿದ್ದೇನೆ, ಇಲ್ಲಿ ನಿಂತಿದ್ದೇನೆ' ಎಂದು ಮೂರನ್ನೂ ಹೇಳಿದರೆ, ದಾರಿಯೇ ತಪ್ಪಿದ್ದರೆ ಅದನ್ನು ತಿಳಿಸಲು ಉತ್ತರಿಸುವವರಿಗೆ ಅವಕಾಶ ಸಿಗುತ್ತದೆ.

ಯಂತ್ರ ತೋರಿಸುವ ದೋಷಸಂದೇಶದ (ಎರರ್ ಮೆಸೇಜ್) ವಿಷಯದಲ್ಲಿ ಒಂದೇ ಮಾತು: ಅದನ್ನು ನೆನಪಿನಿಂದ ಬರೆಯದೆ ಅಕ್ಷರಶಃ ನಕಲಿಸಿ ಹಾಕಬೇಕು, ಸಾಧ್ಯವಾದಷ್ಟು ಪಠ್ಯವಾಗಿಯೇ ಹಾಕಬೇಕು. ತೆರೆಯ ಫೋಟೋದಲ್ಲಿರುವ ಅಕ್ಷರಗಳನ್ನು ಉತ್ತರಿಸುವವರು ಸುಲಭವಾಗಿ ನಕಲಿಸಿಕೊಂಡು ಹುಡುಕಲಾರರು, ಪುಟವನ್ನು ಓದಿಸಿ ಕೇಳುವ ದೃಷ್ಟಿಹೀನರ ಸಾಫ್ಟ್‌ವೇರಿಗೂ ಆ ಚಿತ್ರದೊಂದಿಗೆ ವಿವರಣೆ ಇಲ್ಲದಿದ್ದರೆ ಅದು ಬಹುಮಟ್ಟಿಗೆ ಅರ್ಥಹೀನ. ಹಾಗೆ ನಕಲಿಸುವಾಗ ಪಾಸ್‌ವರ್ಡ್, ಫೋನ್ ನಂಬರ್, ಖಾತೆಯ ಸಂಖ್ಯೆಗಳು ಅದರೊಳಗೆ ನುಸುಳಿಲ್ಲವೆಂದು ಒಮ್ಮೆ ನೋಡಿಕೊಳ್ಳಬೇಕು. ಒಮ್ಮೆ ಪ್ರಕಟವಾದದ್ದನ್ನು ಪೂರ್ತಿಯಾಗಿ ಹಿಂತೆಗೆದುಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯ.

ಇನ್ನು ಬರಹದ ಹೊರಮೈ. ಈ ವಿಷಯದ ನಿಯಮಗಳು ನಾವಂದುಕೊಳ್ಳುವುದಕ್ಕಿಂತ ಹಳೆಯವು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ 1979ರಲ್ಲಿ ರೂಪಿಸಿದ ಯೂಸ್‌ನೆಟ್ ಎಂಬ ಜಾಲದಲ್ಲಿ, ವೆಬ್ ಹುಟ್ಟುವುದಕ್ಕೆ ಹತ್ತು ವರ್ಷ ಮೊದಲೇ, ಜನ ವಿಷಯವಾರು ಗುಂಪುಗಳಲ್ಲಿ ಬರೆದು ಪ್ರತಿಕ್ರಿಯಿಸುವ ಪದ್ಧತಿ ಬೆಳೆದಿತ್ತು. ಅಲ್ಲಿ ರೂಢಿಯಾಗಿದ್ದ ನಡವಳಿಕೆಗಳನ್ನೂ ಇಮೇಲ್ ಬಳಕೆದಾರರ ಅನುಭವವನ್ನೂ ಒಟ್ಟುಗೂಡಿಸಿ, ಇಂಟೆಲ್ ಸಂಸ್ಥೆಯಲ್ಲಿದ್ದ ಸ್ಯಾಲಿ ಹ್ಯಾಂಬ್ರಿಜ್ ಅವರ ಹೆಸರಿನಲ್ಲಿ 1995ರ ಅಕ್ಟೋಬರ್‌ನಲ್ಲಿ ಆರ್‌ಎಫ್‌ಸಿ 1855 ಎಂಬ ದಾಖಲೆ ಹೊರಬಂತು. ಒಂದು ಸಾಲು 65 ಅಕ್ಷರಗಳನ್ನು ಮೀರದಿರಲಿ, ಇಂಗ್ಲಿಷ್ ದೊಡ್ಡಕ್ಷರಗಳಲ್ಲೇ ಎಲ್ಲವನ್ನೂ ಬರೆದರೆ ಕಿರುಚಿದಂತೆ ಕಾಣುತ್ತದೆ, ಹೊಸ ಗುಂಪಿಗೆ ಬಂದವರು ಒಂದೆರಡು ತಿಂಗಳು ಸುಮ್ಮನೆ ಓದಿ ಆಮೇಲೆ ಬರೆಯಲಿ ಎಂಬಂಥ ಸಲಹೆಗಳು ಅದರಲ್ಲಿವೆ. ಸಾಲಿನ ಉದ್ದದ ನಿಯಮ ಅಂದಿನ ಯಂತ್ರಗಳೊಂದಿಗೇ ಹೋಯಿತು. ಇಂದು ತೆರೆಯ ಅಗಲಕ್ಕೆ ತಕ್ಕಂತೆ ಸಾಲು ತಾನಾಗಿ ಮುರಿಯುತ್ತದೆ. ಒಂದೆರಡು ತಿಂಗಳ ಮೌನವ್ರತವನ್ನು ಈಗ ಯಾರೂ ಪಾಲಿಸಲಾರರು. ಆದರೂ ಒಂದರ್ಧ ಗಂಟೆ ಹಳೆಯ ಚರ್ಚೆಗಳನ್ನು ಓದಿದರೆ ಅಲ್ಲಿನವರು ಹೇಗೆ ಮಾತಾಡುತ್ತಾರೆ, ಯಾವುದು ಆಗಲೇ ಚರ್ಚೆಯಾಗಿ ಮುಗಿದಿದೆ ಎಂಬುದು ತಿಳಿಯುತ್ತದೆ.

ಕಿರುಚುವ ವಿಷಯದಲ್ಲಿ ಕನ್ನಡ ಬರಹಗಾರರು ನಿಶ್ಚಿಂತರಾಗಿರುವಂತಿಲ್ಲ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರಗಳಿಲ್ಲ, ಆದರೆ ಸಾಲುಸಾಲು ಆಶ್ಚರ್ಯಚಿಹ್ನೆಗಳು, ಇಡೀ ಪ್ಯಾರಾವನ್ನೇ ದಪ್ಪಕ್ಷರ ಮಾಡುವುದು, ಪ್ರತಿ ವಾಕ್ಯದ ಕೊನೆಗೆ ಆರೇಳು ಇಮೋಜಿ ಪೋಣಿಸುವುದು ಇವೆಲ್ಲ ಅದೇ ಕೆಲಸ ಮಾಡುತ್ತವೆ. ಎಲ್ಲಕ್ಕೂ ಒತ್ತು ಕೊಟ್ಟರೆ ಯಾವುದಕ್ಕೂ ಒತ್ತು ಉಳಿಯುವುದಿಲ್ಲ. ಓದಿಸಿ ಕೇಳುವ ಸಾಫ್ಟ್‌ವೇರ್ ಒಂದೊಂದು ಇಮೋಜಿಯ ಹೆಸರನ್ನೂ ಗಟ್ಟಿಯಾಗಿ ಹೇಳುತ್ತಾ ಹೋಗುವುದರಿಂದ, ಸಾಲಾಗಿ ಎಂಟು ನಗುಮುಖ ಹಾಕಿದರೆ ಕೇಳುವವರು ಅದೇ ಹೆಸರನ್ನು ಎಂಟು ಸಲ ಕೇಳಬೇಕಾಗಬಹುದು.

ಪ್ಯಾರಾ ಒಡೆಯುವುದು ಇವೆಲ್ಲಕ್ಕಿಂತ ಮುಖ್ಯ. ಮುದ್ರಿತ ಪುಟದಲ್ಲಿ ಎಂಟು ಸಾಲಿನ ಪ್ಯಾರಾ ಚಿಕ್ಕದಾಗಿ ಕಾಣುತ್ತದೆ. ಅದೇ ಪ್ಯಾರಾ ಫೋನಿನ ಕಿರಿದಾದ ತೆರೆಯಲ್ಲಿ ಇಪ್ಪತ್ತು ಸಾಲಾಗಿ ಗೋಡೆಯಂತೆ ನಿಲ್ಲುತ್ತದೆ. ಒಂದು ವಿಚಾರ ಮುಗಿದಲ್ಲಿ ಒಂದು ಖಾಲಿ ಸಾಲು ಬಿಟ್ಟರೆ ಓದುವವರ ಕಣ್ಣಿಗೆ ಹಿಡಿದುಕೊಳ್ಳಲು ಜಾಗ ಸಿಗುತ್ತದೆ. ಕ್ರಮವಾಗಿ ಮಾಡಬೇಕಾದ ಹೆಜ್ಜೆಗಳಿಗೆ ಸಂಖ್ಯೆ ಹಾಕುವುದು ಒಳ್ಳೆಯದು, 'ಮೂರನೆಯ ಹೆಜ್ಜೆಯಲ್ಲಿ ನಿಂತೆ' ಎಂದು ಮುಂದೆ ಯಾರಾದರೂ ಹೇಳಲು ಅದು ಅನುಕೂಲ. ಆದರೆ ವಾದವನ್ನು ಚುಕ್ಕೆಪಟ್ಟಿಯಾಗಿ ತುಂಡರಿಸುವುದನ್ನು ನಾನು ಒಪ್ಪಲಾರೆ. 'ಆದ್ದರಿಂದ', 'ಹಾಗಿದ್ದರೂ', 'ಒಂದುವೇಳೆ' ಎಂಬ ಕೊಂಡಿಗಳಲ್ಲೇ ವಾದದ ಜೀವವಿರುತ್ತದೆ, ಚುಕ್ಕೆಪಟ್ಟಿ ಮೊದಲು ನುಂಗಿಹಾಕುವುದು ಅವುಗಳನ್ನೇ.

ಪ್ರತಿಕ್ರಿಯೆ ಬರೆಯುವಾಗ ಹಿಂದಿನ ಮಾತನ್ನು ಎಷ್ಟು ಉಲ್ಲೇಖಿಸಬೇಕೆಂಬುದಕ್ಕೆ ಆರ್‌ಎಫ್‌ಸಿ 1855 ಕೊಟ್ಟ ಅಳತೆ ಇಂದಿಗೂ ಸರಿಯಾಗಿಯೇ ಇದೆ: ಸಂದರ್ಭ ತಿಳಿಯಲು ಬೇಕಾದಷ್ಟು ಮಾತ್ರ. ಮೂವತ್ತು ಸಾಲಿನ ಬರಹವನ್ನು ಪೂರ್ತಿ ಎತ್ತಿಹಾಕಿ ಕೆಳಗೆ 'ಹೌದು' ಎಂದು ಬರೆಯುವುದು ಒಂದು ಅತಿ. ಯಾವುದನ್ನೂ ಉಲ್ಲೇಖಿಸದೆ 'ನೀವು ಹೇಳಿದ್ದು ತಪ್ಪು' ಎನ್ನುವುದು ಇನ್ನೊಂದು ಅತಿ. ನಡುವೆ ಇಪ್ಪತ್ತು ಪ್ರತಿಕ್ರಿಯೆಗಳು ಬಂದುಹೋಗಿರುವಲ್ಲಿ ಯಾರು, ಯಾವ ಮಾತು ಎಂದು ಓದುವವರು ಊಹಿಸಬೇಕಾಗುತ್ತದೆ. ನೀವು ಉತ್ತರಿಸುತ್ತಿರುವ ಒಂದೆರಡು ವಾಕ್ಯಗಳನ್ನಷ್ಟೇ ಎತ್ತಿಕೊಂಡು ಅದರ ಕೆಳಗೆ ಉತ್ತರ ಬರೆದರೆ, ಚರ್ಚೆಯನ್ನು ಮಧ್ಯದಲ್ಲಿ ಪ್ರವೇಶಿಸಿದವರಿಗೂ ಅದು ಸಂಭಾಷಣೆಯಂತೆ ಓದಿಸಿಕೊಳ್ಳುತ್ತದೆ. ಹಾಗೆ ಎತ್ತುವಾಗ ವಾಕ್ಯದ ಷರತ್ತನ್ನು ಕತ್ತರಿಸಬಾರದು. 'ಮಕ್ಕಳಿಲ್ಲದ ಮನೆಯಲ್ಲಾದರೆ ಇದು ಸುರಕ್ಷಿತ' ಎಂಬ ಮಾತಿನಿಂದ 'ಇದು ಸುರಕ್ಷಿತ' ಎಂಬುದನ್ನು ಮಾತ್ರ ಎತ್ತಿ ಖಂಡಿಸುವವರು ಚರ್ಚಿಸುತ್ತಿರುವುದು ತಾವೇ ಸೃಷ್ಟಿಸಿದ ವ್ಯಕ್ತಿಯೊಡನೆ.

ಈಗ ಎಲ್ಲಕ್ಕಿಂತ ಕಷ್ಟದ ವಿಷಯಕ್ಕೆ ಬರೋಣ, ಅದು ದನಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆನ್‌ಲೈನ್ ಸೂಚನಾಫಲಕದಲ್ಲಿ 1982ರಲ್ಲಿ, ಲಿಫ್ಟ್ ಒಂದರಲ್ಲಿ ಪಾದರಸ ಚೆಲ್ಲಿ ಕಲುಷಿತವಾಗಿದೆ ಎಂಬ ತಮಾಷೆಯ ಬರಹವೊಂದು ಬಂದಿತ್ತು. ಅದು ಭೌತಶಾಸ್ತ್ರದ ಒಗಟೊಂದರ ಚರ್ಚೆಯ ಮುಂದುವರಿಕೆಯೆಂದು ಅರಿಯದ ಕೆಲವರು ಅದನ್ನು ನಿಜವಾದ ಎಚ್ಚರಿಕೆಯೆಂದು ಭಾವಿಸಿದರು. ತಮಾಷೆಯನ್ನು ಗುರುತಿಸುವುದು ಹೇಗೆಂಬ ಚರ್ಚೆ ಅಲ್ಲಿ ನಡೆದು, ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್‌ಮನ್ ಎಂಬ ಕಂಪ್ಯೂಟರ್ ವಿಜ್ಞಾನಿ ತಮಾಷೆಗೆ :-) ಎಂಬ ಗುರುತನ್ನೂ ತಮಾಷೆಯಲ್ಲದ್ದಕ್ಕೆ :-( ಎಂಬ ಗುರುತನ್ನೂ ಬಳಸೋಣವೆಂದು ಸೂಚಿಸಿದರು. ಇಮೋಜಿಗಳನ್ನು ಮಕ್ಕಳಾಟವೆಂದು ಹಗುರವಾಗಿ ಕಾಣುವವರು ಈ ಹಿನ್ನೆಲೆಯನ್ನು ಗಮನಿಸಬೇಕು. ಆ ಚುಕ್ಕೆಗೆರೆಗಳು ಹುಟ್ಟಿದ್ದು ವಿದ್ವಾಂಸರ ನಡುವೆಯೇ ತಪ್ಪು ತಿಳಿವಳಿಕೆ ಉಂಟಾಗಿದ್ದರಿಂದ. ತನ್ನ ದನಿ ತಲುಪಲಾರದೆಂಬ ಅನುಮಾನ ಬಂದ ಕಡೆ ಒಂದು ನಗುಮುಖ ಹಾಕುವುದರಲ್ಲಿ ಕೊರತೆಯೇನಿಲ್ಲ.

ವ್ಯಂಗ್ಯಕ್ಕೆ ಮಾತ್ರ ಅದೂ ಸಾಲದು. ಅತಿರೇಕದ ನಿಲುವನ್ನು ಯಾರಾದರೂ ಅಣಕಿಸಿ ಬರೆದರೆ, ತಮಾಷೆಯೆಂಬ ಸ್ಪಷ್ಟ ಸೂಚನೆ ಇಲ್ಲದಿದ್ದಲ್ಲಿ, ಅದನ್ನೇ ನಿಜವೆಂದು ನಂಬುವವರು ಇದ್ದೇ ಇರುತ್ತಾರೆ ಎಂಬ ಮಾತು 2005ರಲ್ಲಿ ನೇಥನ್ ಪೋ ಎಂಬವರ ಹೇಳಿಕೆಯಿಂದ ಪೋ ನಿಯಮವೆಂದು ಪ್ರಚಲಿತವಾಯಿತು. ಪರಿಚಿತರ ನಡುವೆ ವ್ಯಂಗ್ಯ ಸಲುಗೆಯ ಗುರುತು. ಅಪರಿಚಿತರಿಗೆ ಅದು ಒಂದೋ ಮೂರ್ಖತನವಾಗಿ ಕಾಣುತ್ತದೆ ಇಲ್ಲವೇ ಚುಚ್ಚುಮಾತಾಗಿ ಕಾಣುತ್ತದೆ.

ಅಷ್ಟೇನೂ ಉದ್ದೇಶವಿಲ್ಲದ ಸಾದಾ ವಾಕ್ಯಗಳೂ ಚುಚ್ಚಬಲ್ಲವು. 'ಕೈಪಿಡಿ ಓದಿದ್ದೀರಾ?' ಎಂಬ ಎರಡು ಪದಗಳನ್ನು ತೆಗೆದುಕೊಳ್ಳಿ. ಬರೆದವರು ನಿಜಕ್ಕೂ ಮಾಹಿತಿಗಾಗಿ ಕೇಳಿರಬಹುದು: ಓದಿದ್ದರೆ ಒಂದು ಬಗೆಯ ಉತ್ತರ, ಓದಿರದಿದ್ದರೆ ಇನ್ನೊಂದು ಬಗೆಯದು. ಎದುರು ಕೂತು ಮೃದುವಾಗಿ ಕೇಳಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ತೆರೆಯ ಮೇಲೆ ಅದು 'ಅಷ್ಟೂ ಮಾಡದೆ ಇಲ್ಲಿಗೆ ಬಂದಿರಾ' ಎಂದು ಓದಿಸಿಕೊಳ್ಳುತ್ತದೆ, ವಿಶೇಷವಾಗಿ ಎರಡು ಗಂಟೆ ಹೆಣಗಾಡಿ ಸುಸ್ತಾದವರಿಗೆ. 'ಕೈಪಿಡಿಯಲ್ಲಿ ಇದಕ್ಕೊಂದು ಅಧ್ಯಾಯವಿದೆ. ಅದನ್ನು ನೋಡಿಯಾಗಿದ್ದರೆ ತಿಳಿಸಿ, ಅಲ್ಲಿಂದ ಮುಂದಕ್ಕೆ ಹೇಳುತ್ತೇನೆ' ಎಂದರೆ ಪ್ರಶ್ನೆ ಅದೇ ಇದೆ, ಜೊತೆಗೆ ಅದನ್ನು ಏಕೆ ಕೇಳುತ್ತಿದ್ದೇವೆಂಬ ಕಾರಣವೂ ಇದೆ. ದನಿಯಿಲ್ಲದ ಮಾಧ್ಯಮದಲ್ಲಿ ದನಿಯ ಕೆಲಸವನ್ನು ಬಹುಪಾಲು ಮಾಡುವುದು ಹೀಗೆ ಬಿಡಿಸಿ ಹೇಳಿದ ಕಾರಣವೇ. ಪ್ರಶ್ನೆಗಳಲ್ಲಿ 'ಯಾಕೆ' ಎಂಬುದು ವಿಶೇಷವಾಗಿ ಅಪಾಯಕಾರಿ. 'ಯಾಕೆ ಹೀಗೆ ಮಾಡಿದಿರಿ?' ಎಂಬುದು ವಿಚಾರಣೆಯ ಧಾಟಿ. 'ಈ ವಿಧಾನವನ್ನು ಆರಿಸಿಕೊಂಡ ಕಾರಣ ತಿಳಿದರೆ ಅನುಕೂಲ' ಎಂಬುದು ಸಂಭಾಷಣೆಯ ಧಾಟಿ. ಅಪರಿಚಿತರನ್ನು ಏಕವಚನದಲ್ಲಿ ಕರೆಯುವುದರ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಸಭ್ಯರಾದವರೂ ತೆರೆಯ ಮುಂದೆ ಕೂತಾಗ ಏಕೆ ಕಟುವಾಗುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರ ಒಂದು ಲೇಖನದಲ್ಲಿ ವಿಶ್ಲೇಷಿಸಿದರು. ಅವರು ಕೊಟ್ಟ ಕಾರಣಗಳಲ್ಲಿ ಹೆಸರು ಮರೆಯಾಗಿರುವುದು ಒಂದು ಮಾತ್ರ. ಮುಖ ಕಾಣದಿರುವುದು, ಉತ್ತರ ಕೂಡಲೇ ಬಾರದಿರುವುದರಿಂದ ಪರಿಣಾಮವನ್ನು ಎದುರಿಸಬೇಕಿಲ್ಲದಿರುವುದು, ಅಧಿಕಾರ ಸ್ಥಾನಮಾನಗಳು ಮಸುಕಾಗುವುದು ಇವೂ ಅದರಲ್ಲಿವೆ. ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಂಡದ್ದು ಅವರು ಹೇಳುವ ಇನ್ನೊಂದು ಕಾರಣ: ಇನ್ನೊಬ್ಬರ ಬರಹವನ್ನು ಓದುವಾಗ ಅದಕ್ಕೆ ನಮ್ಮ ತಲೆಯೊಳಗಿನ ದನಿಯನ್ನೇ ಕೊಟ್ಟು ಕೇಳಿಸಿಕೊಳ್ಳುತ್ತೇವೆ. ಸಿಡುಕಿನಲ್ಲಿರುವಾಗ ಓದಿದ ವಾಕ್ಯಕ್ಕೆ ಸಿಡುಕಿನ ದನಿ ಬರುತ್ತದೆ, ಆಮೇಲೆ ಆ ಸಿಡುಕು ಅವರದೇ ಎಂದು ನಂಬಿ ಉತ್ತರಿಸುತ್ತೇವೆ. ಭಾವಾವೇಶದ ಉತ್ತರವನ್ನು ಒಂದು ರಾತ್ರಿ ಕಳೆದ ಮೇಲೆ ಕಳಿಸಿ ಎಂದು ಆರ್‌ಎಫ್‌ಸಿ 1855 ಹೇಳಿದ್ದರ ಹಿಂದೆ ಈ ತಿಳಿವಳಿಕೆ ಇದೆ. ಬೆಳಿಗ್ಗೆ ಅದೇ ಬರಹವನ್ನು ಓದಿದಾಗ ಎಷ್ಟೋ ಸಲ ಅದರಲ್ಲಿ ರಾತ್ರಿ ಕಂಡಿದ್ದ ಅವಮಾನವೇ ಇರುವುದಿಲ್ಲ.

ಭಿನ್ನಾಭಿಪ್ರಾಯ ಇರುವಲ್ಲಿ ಒಂದು ಮಾತಿಗೆ ಎರಡು ಅರ್ಥ ಸಾಧ್ಯವಿದ್ದರೆ ಹೆಚ್ಚು ವಿವೇಕದ ಅರ್ಥವನ್ನು ಹಿಡಿದು ಉತ್ತರಿಸುವುದು ಉತ್ತಮ. ಇದನ್ನು ಔದಾರ್ಯವೆಂದು ಹೊಗಳಬೇಕಾಗಿಲ್ಲ, ಇದು ಶುದ್ಧ ಲೆಕ್ಕಾಚಾರ. ದುರ್ಬಲ ಅರ್ಥವನ್ನು ಹಿಡಿದು ಉರುಳಿಸಿದರೆ 'ನಾನು ಹೇಳಿದ್ದು ಅದಲ್ಲ' ಎಂಬ ಒಂದು ಸಾಲಿನಿಂದ ನಿಮ್ಮ ಇಡೀ ಉತ್ತರ ವ್ಯರ್ಥವಾಗುತ್ತದೆ. ವಿಕಿಪೀಡಿಯದ ಸಂಪಾದಕರ ಬಳಗದಲ್ಲಿ ಸದುದ್ದೇಶವನ್ನು ಊಹಿಸಿಕೊಳ್ಳಿ ಎಂಬ ಮಾರ್ಗಸೂಚಿ ಇರುವುದು ಇದೇ ಕಾರಣಕ್ಕೆ; ಒಬ್ಬರನ್ನೊಬ್ಬರು ಎಂದೂ ನೋಡದ ಜನ ಒಂದೇ ಪುಟವನ್ನು ಸೇರಿ ಬರೆಯಬೇಕಾದಾಗ ಬೇರೆ ಊಹೆಯಿಂದ ಕೆಲಸ ಸಾಗುವುದಿಲ್ಲ. ಒಪ್ಪದಿರುವುದು ಸಂಗತಿಯ ಬಗ್ಗೆಯೋ, ಆ ಸಂಗತಿಯಿಂದ ತೆಗೆದ ತೀರ್ಮಾನದ ಬಗ್ಗೆಯೋ, ಅಥವಾ ಯಾವುದು ಮುಖ್ಯವೆಂಬ ಮೌಲ್ಯದ ಬಗ್ಗೆಯೋ ಎಂದು ಆರಂಭದಲ್ಲೇ ಹೇಳುವುದೂ ಒಳ್ಳೆಯ ಅಭ್ಯಾಸ. ಮೂರನೆಯದಾದರೆ ಎಷ್ಟೇ ಅಂಕಿಅಂಶ ಸುರಿದರೂ ಯಾರೂ ಕದಲುವುದಿಲ್ಲ, ಅದನ್ನು ಬೇಗ ಗುರುತಿಸಿದಷ್ಟೂ ಇಬ್ಬರಿಗೂ ಸಮಯ ಉಳಿಯುತ್ತದೆ. ಆನ್‌ಲೈನ್ ಚರ್ಚೆ ಉದ್ದವಾದಷ್ಟೂ ಯಾರಾದರೊಬ್ಬರು ಹಿಟ್ಲರನ ಹೋಲಿಕೆ ತರುವ ಸಂಭವ ಹೆಚ್ಚುತ್ತದೆ ಎಂದು ಮೈಕ್ ಗಾಡ್ವಿನ್ 1990ರಲ್ಲಿ ಚಟಾಕಿ ಹಾರಿಸಿದ್ದರು. ಅಂಥ ಹೋಲಿಕೆ ಬಂದಾಗ ವಿಷಯ ಬರಿದಾಗಿದೆಯೆಂದು ತಿಳಿದು ಹೊರನಡೆಯಬಹುದು. ಕೊನೆಯ ಮಾತು ತಮ್ಮದೇ ಆಗಬೇಕೆಂಬ ಹಟ ಬಿಟ್ಟವರಿಗೆ ಇದು ಸುಲಭ.

ಉತ್ತರ ಕೊಡುವವರ ಕಡೆಗೂ ಒಂದಿಷ್ಟು ಹೇಳಬೇಕು. 'ಗೂಗಲ್ ಮಾಡಿ' ಎಂಬ ಉತ್ತರ ಬಹುಶಃ ಎಲ್ಲಕ್ಕಿಂತ ನಿಷ್ಪ್ರಯೋಜಕ. ಸ್ವಲ್ಪ ಕಾಲದ ನಂತರ ಅದೇ ಪ್ರಶ್ನೆಯನ್ನು ಹುಡುಕಿದವರಿಗೆ ಸಿಗುವ ಮೊದಲ ಪುಟ ಆ ಚರ್ಚೆಯೇ ಆಗಿದ್ದು, ಅಲ್ಲಿ ಅವರನ್ನು ಮತ್ತೆ ಹುಡುಕಲು ಕಳಿಸಲಾಗುತ್ತದೆ. ಬರೀ ಕೊಂಡಿ (ಲಿಂಕ್) ಕೊಟ್ಟು ಬಿಡುವುದೂ ಇದಕ್ಕಿಂತ ತುಸು ಮೇಲು ಅಷ್ಟೆ, ಏಕೆಂದರೆ ಕೊಂಡಿಗಳು ಸಾಯುತ್ತವೆ. ಕೊಂಡಿಯ ಜೊತೆಗೆ ಅಲ್ಲಿ ಏನಿದೆಯೆಂಬ ಎರಡು ವಾಕ್ಯದ ಸಾರ ಬರೆದರೆ ಕೊಂಡಿ ಸತ್ತ ಮೇಲೂ ಉತ್ತರ ಬದುಕುತ್ತದೆ. ತಿಳಿವಿನ ಮೂಲವನ್ನೂ ಅದರ ಖಚಿತತೆಯನ್ನೂ ಸೂಚಿಸುವುದು ಇನ್ನೂ ಮುಖ್ಯ. 'ನಾನೇ ಮಾಡಿ ನೋಡಿದ್ದೇನೆ', 'ತಯಾರಕರ ಪುಟದಲ್ಲಿ ಹೀಗಿದೆ', 'ಖಚಿತವಿಲ್ಲ, ಆದರೆ ಇದನ್ನು ಪರೀಕ್ಷಿಸಬಹುದು' ಎಂಬ ಮೂರು ಮಾತುಗಳಿಗೆ ಓದುವವರು ಮೂರು ಬೇರೆ ತೂಕ ಕೊಡುತ್ತಾರೆ. ಅನುಮಾನವನ್ನು ಖಚಿತ ದನಿಯಲ್ಲಿ ಹೇಳಿದವರು ಸರಿಯಾಗಿದ್ದಾಗಲೂ ನಂಬಿಕೆ ಕಳೆದುಕೊಳ್ಳುತ್ತಾರೆ, ಅದರಲ್ಲೂ ಔಷಧ, ಹಣ, ಕಾನೂನು ಇವುಗಳ ವಿಷಯದಲ್ಲಿ.

ಇಷ್ಟೆಲ್ಲ ಶ್ರಮ ಒಬ್ಬ ಅಪರಿಚಿತರಿಗಾಗಿಯೇ ಎಂದು ಕೇಳಬಹುದು. ಆದರೆ ಓದುವವರು ಒಬ್ಬರೇ ಅಲ್ಲ. ಹೆಚ್ಚಿನ ಆನ್‌ಲೈನ್ ಸಮುದಾಯಗಳಲ್ಲಿ ನೂರಕ್ಕೆ ಸುಮಾರು 90 ಮಂದಿ ಓದುತ್ತಾರೆ, 9 ಮಂದಿ ಆಗಾಗ ಬರೆಯುತ್ತಾರೆ, 1 ವ್ಯಕ್ತಿ ಬಹುಪಾಲು ಬರೆಯುತ್ತಾರೆ ಎಂಬ ಸ್ಥೂಲ ಅಂದಾಜನ್ನು ನೀಲ್ಸನ್ 2006ರಲ್ಲಿ ಮುಂದಿಟ್ಟಿದ್ದರು. ಪ್ರತಿ ವೇದಿಕೆಗೂ ಇದೇ ಲೆಕ್ಕ ಹೊಂದಬೇಕೆಂದಿಲ್ಲ, ಆದರೂ ಮಾತಾಡದೆ ಓದುವವರೇ ಬಹುಸಂಖ್ಯಾತರು. ಜಗಳದಲ್ಲಿ ಎದುರಾಳಿಯನ್ನು ಒಪ್ಪಿಸಲಾಗದಿದ್ದರೂ ಈ ಮೌನ ಓದುಗರು ಎರಡೂ ಕಡೆಯ ವಾದಗಳನ್ನು ತೂಗಿ ನೋಡುತ್ತಿರುತ್ತಾರೆ, ಅವರನ್ನು ಉದ್ದೇಶಿಸಿ ಬರೆದ ಉತ್ತರ ತಾನಾಗಿಯೇ ಶಾಂತವಾಗುತ್ತದೆ.

ಸಮಸ್ಯೆ ಬಗೆಹರಿದವರು ಮರಳಿ ಬಂದು ಯಾವುದರಿಂದ ಬಗೆಹರಿಯಿತೆಂದು ಬರೆಯಬೇಕಾದದ್ದೂ ಈ ಓದುಗರಿಗಾಗಿ. 'ಸರಿಹೋಯಿತು, ಎಲ್ಲರಿಗೂ ಥ್ಯಾಂಕ್ಸ್' ಎಂಬ ಒಂದೇ ಸಾಲಿನಲ್ಲಿ ಮುಗಿದ ಚರ್ಚೆಯನ್ನು ಮೂರು ವರ್ಷದ ಮೇಲೆ ಅದೇ ತೊಂದರೆಯಲ್ಲಿರುವವರು ತೆರೆದರೆ ಅವರಿಗಾಗುವ ನಿರಾಶೆ ಅಷ್ಟಿಷ್ಟಲ್ಲ. ಬಂದ ಐದು ಸಲಹೆಗಳಲ್ಲಿ ಯಾವುದು ಫಲ ಕೊಟ್ಟಿತು, ಉಳಿದವನ್ನು ಮಾಡಿ ನೋಡಿದಾಗ ಏನಾಯಿತು ಎಂದು ಮೂರು ಸಾಲು ಬರೆದರೆ ಸಾಕು.

ಹಾಗೆಯೇ ತಮ್ಮ ಬರಹವನ್ನು ಆಮೇಲೆ ತಿದ್ದುವವರು, ಅದಕ್ಕೆ ಆಗಲೇ ಉತ್ತರಗಳು ಬಂದಿದ್ದರೆ, ತಪ್ಪಿದ್ದ ವಾಕ್ಯವನ್ನು ಸದ್ದಿಲ್ಲದೆ ಅಳಿಸಬಾರದು. ಅಳಿಸಿದರೆ ಆ ವಾಕ್ಯವನ್ನು ಸರಿಪಡಿಸಿ ಬರೆದವರ ಉತ್ತರಗಳು ತಲೆಬುಡವಿಲ್ಲದಂತೆ ಕಾಣುತ್ತವೆ, ಇಲ್ಲದ ಮಾತಿಗೆ ಹರಿಹಾಯ್ದವರೆಂಬ ಆರೋಪವೂ ಅವರ ಮೇಲೆ ಬರುತ್ತದೆ. ಕಾಗುಣಿತದ ತಪ್ಪನ್ನು ಸುಮ್ಮನೆ ತಿದ್ದಿಕೊಳ್ಳಬಹುದು. ಅರ್ಥ ಬದಲಾಗುವ ಕಡೆ ಹಳೆಯ ಮಾತಿನ ಮೇಲೆ ಅಡ್ಡಗೆರೆ ಎಳೆದು, ಇಲ್ಲವೇ ಬರಹದ ಕೊನೆಯಲ್ಲಿ 'ತಿದ್ದುಪಡಿ' ಎಂದು ಹಾಕಿ, ಏನು ಬದಲಾಗಿದೆ, ಯಾರು ಅದನ್ನು ಎತ್ತಿ ತೋರಿಸಿದರು ಎಂಬುದನ್ನು ಬರೆದಿಡಬೇಕು.